ಹಸುವಿಗೆ ಹೇಳಿದ ಕಥೆ

ನಮ್ಮ ದ್ವೀಪದಲ್ಲಿ ಹೆಂಗಸರು ದೆವ್ವದ ಕಥೆ ಹೇಳಬಹುದು, ಸಂತರ ಕಥೆ ಹೇಳಬಹುದು, ಹೆಣದ ಪಕ್ಕ ಕೂತು ಹಾಡಿಕೊಂಡು ಅಳಬಹುದು. ವೀರರ ಕಥೆ ಮಾತ್ರ ಗಂಡಸರದು. ಈ ಕಟ್ಟಳೆ ಮಾಡಿದವನು ಯಾರೋ ಗೊತ್ತಿಲ್ಲ. ನನ್ನ ಕೈಗೆ ಸಿಕ್ಕಿಲ್ಲ, ಅದು ಅವನ ಪುಣ್ಯ.

ನನ್ನ ಅಪ್ಪ ಕೋಲ್ಮಾನನ ಬಳಿ ಅಂಥದ್ದೊಂದು ಕಥೆಯಿತ್ತು. ಕಡಲರಾಜನ ಒಂಬತ್ತು ಬಾಗಿಲ ಕೋಟೆ ಒಡೆದ ಕುಂಟ ವೀರನದು. ನಮ್ಮ ದ್ವೀಪದ ಎದುರಿನ ಗಾಲ್ವೇ ಕರಾವಳಿಯಲ್ಲೆಲ್ಲ ಇನ್ಯಾವ ಗಂಡಸಿಗೂ ಅದು ಬರುತ್ತಿರಲಿಲ್ಲ. ನವೆಂಬರಿನಲ್ಲಿ ಅಪ್ಪ ತೀರಿಕೊಂಡ. ಫೆಬ್ರವರಿಯಲ್ಲಿ, ಕಥೆ ಸಂಗ್ರಹಿಸುವ ಮೇಷ್ಟ್ರು ದನಿ ಹಿಡಿದಿಡುವ ಮೇಣದ ಉರುಳೆಯ ಯಂತ್ರ ಹೊತ್ತು ದೋಣಿಯಿಂದ ಇಳಿದರು. ಮರುದಿನ ಬೆಳಿಗ್ಗೆ ಅವರು ವಾಪಸ್ ಹೊರಡಬೇಕಿತ್ತು. ಆ ಸಂಜೆ ಯಂತ್ರಕ್ಕೆ ಸಿಗದಿದ್ದರೆ ಕಥೆಯೂ ಅಪ್ಪನ ಜೊತೆ ಮಣ್ಣು ಸೇರಿದ ಹಾಗೇ.

ಮಾರ್ಕಸ್ ಚಿಕ್ಕಪ್ಪ ನನ್ನ ಅಣ್ಣ ಬರ್ತ್ಲನನ್ನು ಯಂತ್ರದ ಮುಂದೆ ಕೂರಿಸಿದ. ಮೇಷ್ಟ್ರು ಕಾಗದದ ಮೇಲೆ ಅಣ್ಣನ ಹೆಸರು ಬರೆದುಕೊಂಡರು. ಊರಿನ ಅರ್ಧ ಗಂಡಸರು ನಮ್ಮ ಒಲೆಯ ಸುತ್ತ ಸೇರಿದ್ದರು. ನಾನು ಮೂಲೆಯಲ್ಲಿ ಉಣ್ಣೆ ಹಿಂಜುತ್ತಿದ್ದೆ.

ಅಣ್ಣ ಒಳ್ಳೆಯವನು, ಮೀನು ಹಿಡಿಯುವುದರಲ್ಲಿ ಗಟ್ಟಿಗ. ಕಥೆ ಹೇಳುವುದು ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ. ವೀರ ಆಯುಧ ತೊಡುವ ಭಾಗವನ್ನು ಒಂದೇ ಉಸಿರಿಗೆ ಹೇಳಬೇಕು, ಕಥೆಯ ಜೀವವೇ ಅದು. ಅಣ್ಣ ಬೆವರು ಒರೆಸಿಕೊಂಡು, "ಆಮೇಲೆ ಅವನು ಆಯುಧ ತೊಟ್ಟ" ಅಂದುಬಿಟ್ಟ. ನನಗೆ ಮೈಯೆಲ್ಲ ಉರಿದುಹೋಯಿತು.

"ಹಂಗಲ್ಲ ಅದು," ಅಂದೆ.

ಚಿಕ್ಕಪ್ಪ ತಿರುಗಿ ನೋಡಿದ. "ಲೇ ನಾಬ್ಲ, ಉಣ್ಣೆ ಕಡೆ ನೋಡು. ಇದು ಕತ್ತಿ ಹಿಡಿಯೋರ ಕಥೆ, ಕದಿರು ಹಿಡಿಯೋರ್ದಲ್ಲ."

"ನೀನ್ಯಾವ ಕತ್ತಿ ಹಿಡಿದಿದ್ದೆ ಚಿಕ್ಕಪ್ಪ? ಆಲೂಗಡ್ಡೆ ಸುಲಿಯೋ ಚಾಕೂ ನೀನು ಮುಟ್ಟಿದವನಲ್ಲ ಅಂತಾಳೆ ಚಿಕ್ಕಮ್ಮ."

ಗಂಡಸರು ನಕ್ಕರು. ಆ ನಗು ಮುಗಿಯುವ ಮೊದಲೇ ನಾನು ಎದ್ದು ಬಂದು ಅಣ್ಣನ ಭುಜ ತಟ್ಟಿದೆ. ಬದುಕಿದೆಯಾ ಬಡಜೀವವೇ ಅನ್ನುವ ಹಾಗೆ ಅವನು ಜಾಗ ಬಿಟ್ಟುಕೊಟ್ಟ. ಯಂತ್ರದ ತುತ್ತೂರಿಗೆ ಬಾಯಿಟ್ಟು ಶುರು ಮಾಡಿದೆ.

"ಇಪ್ಪತ್ತೇಳು ಚರ್ಮದ ಅಂಗಿ ತೊಟ್ಟ, ತೊಟ್ಟ ಅಂಗಿಗೆ ಕಬ್ಬಿಣದ ಪಟ್ಟಿ ಕಟ್ಟಿದ, ಬೆಟ್ಟಕ್ಕೆ ಬೆನ್ನು ಕೊಟ್ಟ, ಕಡಲಿಗೆ ಎದೆ ಕೊಟ್ಟ, ಕುಂಟುಗಾಲು ಮುಂದಿಟ್ಟ, ಇಟ್ಟ ಕಾಲು ಹಿಂದೆ ತೆಗೀಲಿಲ್ಲ..."

ಯಾರೂ ಕೆಮ್ಮಲಿಲ್ಲ. ಒಂದರ ಹಿಂದೆ ಒಂದು ಎಂಟು ಬಾಗಿಲು ಒಡೆದೆ. ವೀರ ಒಂಬತ್ತನೆಯದರ ಮುಂದೆ ಕತ್ತಿ ಎತ್ತುವ ಹೊತ್ತಿಗೆ ಉರುಳೆ ತುಂಬಿತು. ಮೇಷ್ಟ್ರು ಹೊಸ ಉರುಳೆ ಹಾಕತೊಡಗಿದರು. ಆಗ ಅವರ ಕಾಗದ ಕಣ್ಣಿಗೆ ಬಿತ್ತು. ಅದರಲ್ಲಿ ಇನ್ನೂ ಅಣ್ಣನ ಹೆಸರೇ ಇತ್ತು.

"ಮೇಷ್ಟ್ರೇ, ಅದನ್ನ ಹೊಡೆದುಹಾಕಿ ನನ್ನ ಹೆಸರು ಬರೀರಿ."

"ಅದೇ ಇರ್ಲಿ ಬಿಡಿ," ಅಂದ ಚಿಕ್ಕಪ್ಪ. "ನಾಳೆ ನಮ್ಮೂರ ಗಂಡಸ್ರು ಮುಖ ಎತ್ಕೊಂಡು ತಿರುಗೋದು ಬೇಡ್ವಾ? ಕಥೆ ಸಿಕ್ತಲ್ಲ, ಯಾರು ಹೇಳಿದ್ರೇನು?"

"ಯಾರು ಹೇಳಿದ್ರೂ ನಡೆಯುತ್ತೆ ಅಂದ್ರೆ ಮುಂದಿಂದು ನೀನೇ ಹೇಳು."

ನಾನು ಮೂಲೆಗೆ ಹೋಗಿ ಉಣ್ಣೆ ಕೈಗೆತ್ತಿಕೊಂಡೆ. ಕಥೆ ಅಲ್ಲಿಗೇ ಉಳಿದರೆ ಅಪ್ಪನಿಗೆ ನಾನೇ ದ್ರೋಹ ಮಾಡಿದ ಹಾಗೆ ಅಂತ ಗೊತ್ತಿತ್ತು. ಆದರೂ ಬಗ್ಗಲಿಲ್ಲ. ಸಾಲು ಸಾಲಾಗಿ ಎದೆಯಲ್ಲಿ ಹೊತ್ತವಳು ನಾನು, ಹೆಸರು ಇನ್ನೊಬ್ಬರದಾ?

ಒಲೆಯಲ್ಲಿ ಸೌದೆಯ ಬದಲು ಉರಿಸುವ ಜವುಗುಮಣ್ಣಿನ ಹೆಂಟೆ ಕುಸಿದು ಬಿತ್ತು. ಚಿಕ್ಕಪ್ಪ ಪೈಪು ಹಚ್ಚಿದ, ಅದು ಆರಿತು, ಮತ್ತೆ ಹಚ್ಚಿದ. ಅರವತ್ತು ಚಳಿಗಾಲ ಆ ಕಥೆ ಕೇಳಿದವನು ಅವನು. ಕೊನೆಗೆ ಏನಾಗುತ್ತದೆ ಅಂತ ಚೆನ್ನಾಗಿ ಗೊತ್ತು, ಹೇಳಲು ಮಾತ್ರ ಬಾರದು. ಒಂದು ಸಲ ಯಂತ್ರ ನೋಡಿದ, ಒಂದು ಸಲ ನನ್ನನ್ನು ನೋಡಿದ.

"ಬರ್ಕೊಳ್ಳಿ ಮಾರಾಯ್ರೇ," ಅಂದ ಕೊನೆಗೆ. "ಆ ಬಾಗ್ಲು ಒಡೀಲಿ."

ಮೇಷ್ಟ್ರು ಅಣ್ಣನ ಹೆಸರಿಗೆ ಗೆರೆ ಎಳೆದರು. ನಾಬ್ಲ, ಕೋಲ್ಮಾನನ ಮಗಳು, ನಲವತ್ತೊಂದು ವರ್ಷ.

"ಯಾರಿಂದ ಕಲಿತ್ರಿ ತಾಯಿ? ಅದನ್ನೂ ಬರೀಬೇಕು."

"ನನಗ್ಯಾರೂ ಕಲಿಸ್ಲಿಲ್ಲ. ಅಪ್ಪ ಸಂಜೆ ಹಸು ಹೊಡ್ಕೊಂಡು ಬರ್ತಾ ಮರೀಬಾರ್ದು ಅಂತ ಕಥೆನ ಆ ಹಸುಗೇ ಹೇಳ್ತಿದ್ದ. ನಾನು ಹಿಂದೆ ನಡೀತಿದ್ದೆ. ಒಂದಿನಾನೂ ತಿರುಗಿ ನೋಡ್ಲಿಲ್ಲ ಅವನು. ಆದ್ರೆ ನಾನು ಹಿಂದೆ ಉಳಿದ್ರೆ ಹಸುನ ನಿಲ್ಲಿಸ್ತಿದ್ದ. ಅದನ್ನೂ ಬರೀರಿ."

ಮೇಷ್ಟ್ರು ಬರೆದರು. ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದ. ನಾನು ಎದ್ದು ಬಂದು ಒಂಬತ್ತನೇ ಬಾಗಿಲು ಒಡೆದೆ.