ಹೋಜರಕ್ಕನ ಕಪ್ಪು ದ್ರಾಕ್ಷಿ

ಬರೆದದ್ದನ್ನು ಬೇರೆ ಯಾರಿಗೂ ತೋರಿಸುವ ಮೊದಲು ಆ ಹೆಂಗಸರಿಗೇ ಓದಿ ಹೇಳಬೇಕು ಎಂದು ತಾಷ್ಕೆಂಟಿನ ವಿಶ್ವವಿದ್ಯಾಲಯದ ಮೇಷ್ಟ್ರು, ಒಂದು ಬೀದಿಯ ಹೆಂಗಸರ ಬುಧವಾರದ ಆಚರಣೆ ಬರೆದುಕೊಳ್ಳಲು ಹೊರಟ ಮುನಿಸಾಗೆ ಕಟ್ಟಪ್ಪಣೆ ಮಾಡಿದ್ದರು. "ಇನ್ನೊಬ್ಬರ ದೇವರು ದಿಂಡರ ವಿಷಯ ಬರೆಯೋದು ಅಂದರೆ ಅವರ ಮನೆ ಒಳಕೋಣೆಗೆ ಕಾಲಿಟ್ಟ ಹಾಗೆ ಕಣಮ್ಮ. ಹೆಸರು ಬದಲಾಯಿಸು. ಯಾರು ಯಾರು ಅಂತ ಗೊತ್ತಾಗಬಾರದು." ಮುನಿಸಾ ಒಂದೊಂದು ಹೆಸರನ್ನೂ ಬದಲಾಯಿಸಿದಳು. ಬೀದಿಯ ಹೆಸರು, ಕಾಲುವೆಯ ಹೆಸರು, ಕೊನೆಗೆ ಓತಿನ್ ಮನೆಯ ಬೆಕ್ಕಿನ ಹೆಸರನ್ನೂ ಬಿಡಲಿಲ್ಲ.

ಓತಿನ್ ಎಂದರೆ ರಿಸೋಲತ್. ಮಾರ್ಗಿಲಾನ್ ಊರಿನ ಆ ಬೀದಿಯ ಹೆಂಗಸರಿಗೆ ಕುರಾನು ಓದಿ ಹೇಳುವವಳು, ಸತ್ತ ಮನೆಯಲ್ಲಿ ಅಳು ಎತ್ತಿ ಕೊಡುವವಳು, ಬುಧವಾರ ಬುಧವಾರ ಕಷ್ಟದ ಗಂಟು ಬಿಚ್ಚುವ ತಾಯಿಯ ಕಥೆ ಹೇಳುವವಳು. ಬರುವವರೆಲ್ಲ ಮನೆಯಿಂದ ಒಂದು ಹಿಡಿ ಒಣದ್ರಾಕ್ಷಿ ತಂದು ಬಿಳಿ ಹಾಸುಬಟ್ಟೆಯ ಮೇಲೆ ಸುರಿಯಬೇಕು. ತಮ್ಮ ಕಷ್ಟವನ್ನು ಓತಿನ್ ಕಿವಿಯಲ್ಲಿ ಉಸುರಬೇಕು. ಆಮೇಲೆ ಕಥೆ ಮುಗಿಯುವ ತನಕ ದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೂರಬೇಕು. ತೊಟ್ಟುಗಳನ್ನು ಹತ್ತಿಯಲ್ಲಿ ಸುತ್ತಿ ಹರಿಯುವ ನೀರಿಗೆ ಬಿಟ್ಟರೆ ಕಷ್ಟವೂ ಅದರ ಹಿಂದೆ ಹೋಗುತ್ತದೆ.

ಮುನಿಸಾ ಮೊದಲ ಸಲ ಬಂದಾಗ ಪೆನ್ನು ಹಿಡಿದು ಕೂತಿದ್ದಳು. ರಿಸೋಲತ್ ಕಥೆ ಶುರು ಮಾಡಲೇ ಇಲ್ಲ. "ದ್ರಾಕ್ಷಿ ಮುಟ್ಟದ ಕೈಗೆ ಈ ಕಥೆ ಹೇಳೋ ಹಾಗಿಲ್ಲ ಮಗಳೇ. ಪೆನ್ನು ಕೆಳಗಿಡು. ನಿನ್ನ ಗಂಟೇನು, ಕಿವೀಲಿ ಹೇಳು."

"ನನಗೇನೂ ಇಲ್ಲ ಓತಿನ್ ಅಮ್ಮ. ಕಲಿಯೋಕೆ ಬಂದಿದೀನಿ ಅಷ್ಟೆ."

ಎದುರಿಗಿದ್ದ ಅದೋಲತಳ ಬಾಯಿ ಸುಮ್ಮನಿರುವ ಬಾಯಲ್ಲ. "ಗಂಟಿಲ್ಲದ ಹೆಂಗಸಾ? ಇವಳನ್ನ ಬಜಾರಲ್ಲಿ ಕೂರಿಸಿ ಟಿಕೆಟ್ ಇಟ್ಟರೆ ಜನ ಸಾಲುಗಟ್ಟಿ ನೋಡ್ತಾರೆ ಕಣ್ರೇ."

ಎಲ್ಲರೂ ನಕ್ಕರು. ಅಂದಿನಿಂದ ಮುನಿಸಾ ತೊಟ್ಟು ಬಿಡಿಸುತ್ತ ಕೇಳುವುದು, ಮನೆಗೆ ಹೋಗಿ ನೆನಪಿನಿಂದ ಬರೆಯುವುದು. ಹೊಸಬಳೆಂಬ ಮರ್ಯಾದೆಗೆ ಓತಿನ್ ಅವಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದಳು. ಹಾಗಾಗಿ ಓತಿನ್ ಕಿವಿಗೆ ಬಿದ್ದದ್ದು ಎಷ್ಟೋ ಸಲ ಅವಳ ಕಿವಿಗೂ ಬಿತ್ತು.

ಓದುವ ದಿನ ಚಪ್ಪರದ ಕೆಳಗೆ ಎಲ್ಲರೂ ಸೇರಿದ್ದರು. ತಮ್ಮ ವಿಷಯ ಹಾಳೆಯ ಮೇಲೆ ಬಂದಿದೆಯೆಂದು ಅವರಿಗೆ ಹಿಗ್ಗೋ ಹಿಗ್ಗು. ಅದೋಲತ್, "ನನ್ನ ಸ್ವಲ್ಪ ತೆಳ್ಳಗೆ ಮಾಡಿ ಬರೆದಿದೀಯ ತಾನೆ?" ಎಂದಳು. ಮುನಿಸಾ ಓದುತ್ತ ಹೋದಳು. ಕಥೆ ಬಂತು, ತೊಟ್ಟು ಬಂತು, ಕಾಲುವೆ ಬಂತು. ಆಮೇಲೆ ಈ ಮಾತು ಬಂತು: "ಬೀಜವಿರುವ ಕಪ್ಪು ದ್ರಾಕ್ಷಿ ತಂದಿದ್ದ ಸಲೀಮಾ ಎಂಬ ತಾಯಿ ಓತಿನ್ ಕಿವಿಯಲ್ಲಿ, ನನ್ನ ಮಗ ರಷ್ಯಾದಲ್ಲಿ ಕೆಲಸದಲ್ಲಿಲ್ಲ, ಜೈಲಿನಲ್ಲಿದ್ದಾನೆ ಎಂದಳು."

ಚಹಾದ ಬಟ್ಟಲು ಎತ್ತಿದವರು ಎತ್ತಿದ ಹಾಗೇ ಉಳಿದರು.

ಆ ಬೀದಿಯಲ್ಲಿ ಎಲ್ಲರ ಅಂಗಳದ್ದೂ ಹೊಂಬಣ್ಣದ ದ್ರಾಕ್ಷಿ. ಕಪ್ಪು ಬಳ್ಳಿ ಇರುವುದು ಒಂದೇ ಮನೆಯಲ್ಲಿ, ಹೋಜರ್ ಮನೆಯಲ್ಲಿ. ಮಗ ಮಾಸ್ಕೋದಲ್ಲಿ ದೊಡ್ಡ ಮೇಸ್ತ್ರಿ, ಕೈಕೆಳಗೆ ಜನ ಇದ್ದಾರೆ ಎಂದು ಎರಡು ವರ್ಷದಿಂದ ಬೀದಿಗೆಲ್ಲ ಹೇಳಿಕೊಂಡು ಬಂದವಳು ಅವಳು. ಹೆಸರು ಬದಲಾಯಿಸಿದ ಮುನಿಸಾಗೆ ದ್ರಾಕ್ಷಿಯ ಬಣ್ಣ ಬದಲಾಯಿಸಬೇಕೆಂದು ಹೊಳೆದಿರಲಿಲ್ಲ.

ಹೋಜರ್ ತಲೆವಸ್ತ್ರ ಸರಿಮಾಡಿಕೊಂಡು ಎದ್ದಳು. ಯಾರ ಮುಖವನ್ನೂ ನೋಡಲಿಲ್ಲ. "ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ಹೊರಟುಹೋದಳು. ಹಾಲು ಇಟ್ಟಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಮುನಿಸಾ ಓದುವುದನ್ನು ನಿಲ್ಲಿಸಿದಳು. "ನಾನು ಹೆಸರು ಬದಲಾಯಿಸಿದ್ದೆ ಓತಿನ್ ಅಮ್ಮ..."

"ಬದಲಾಯಿಸಿದ್ದೆ ಮಗಳೇ, ಕೇಳಿಸಿತು." ರಿಸೋಲತ್ ದನಿ ಏರಲಿಲ್ಲ. "ಎಲ್ಲರೂ ತಂದದ್ದನ್ನ ಒಂದೇ ರಾಶಿ ಯಾಕೆ ಸುರೀತೀವಿ ಅಂತ ಇಷ್ಟು ದಿನದಲ್ಲಿ ಕೇಳಲೇ ಇಲ್ಲ ನೀನು. ಯಾರ ದ್ರಾಕ್ಷಿಯ ತೊಟ್ಟು ಯಾರ ಕೈಗೆ ಬಂತು ಅಂತ ಗೊತ್ತಾಗಬಾರದು, ಅದಕ್ಕೆ. ಅವಳ ಕಪ್ಪು ನಮಗೆ ಕಾಣಲ್ವಾ? ಕಾಣುತ್ತೆ. ಕಂಡರೂ ಕಾಣದ ಹಾಗೆ ಬಿಡಿಸ್ತೀವಿ. ನೀನು ಒಂದೊಂದಾಗಿ ಆರಿಸಿ ತೆಗೆದೆ."

ಮುನಿಸಾ ಹಾಳೆಗಳನ್ನು ಕೆಳಗಿಟ್ಟಳು. ಆಮೇಲೆ ಮೊದಲ ದಿನ ಓತಿನ್ ಕೇಳಿದ್ದ ಪ್ರಶ್ನೆಗೆ ಉತ್ತರ ಕೊಡುವವಳ ಹಾಗೆ, ಕಿವಿಯಲ್ಲಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದಳು: "ನನಗೆ ಗಂಟಿಲ್ಲ ಅಂದಿದ್ದು ಸುಳ್ಳು. ನಮ್ಮಮ್ಮ ನಮ್ಮೂರು ನಮಂಗಾನಲ್ಲಿದ್ದಾಳೆ. ನನ್ನ ಗುರುತು ಹಿಡಿಯಲ್ಲ. ಹೋದರೆ, ಯಾರಮ್ಮ ನೀನು ಅಂತಾಳೆ. ಅದನ್ನ ಕೇಳಕ್ಕಾಗದೆ ಹೋಗೋದನ್ನೇ ಬಿಟ್ಟಿದೀನಿ. ಅವಳೂ ಬುಧವಾರ ಬುಧವಾರ ದ್ರಾಕ್ಷಿ ಬಿಡಿಸ್ತಿದ್ದಳು."

ಅದೋಲತ್ ಆರಿದ ಚಹಾ ಚೆಲ್ಲಿ ಬಿಸಿಯದು ಹುಯ್ದು ಅವಳ ಮುಂದೆ ತಳ್ಳಿದಳು.

ಮಾರನೆಯ ದಿನ ಮುನಿಸಾ ಹೋಜರ್ ಮನೆಗೆ ಹೋದಳು. ಬಾಗಿಲು ತೆರೆಯಲಿಲ್ಲ. "ಆ ಮಾತು ತೆಗೆದುಹಾಕಿದೀನಿ ಅಕ್ಕ. ಕಿವಿಯಲ್ಲಿ ಹೇಳಿದ್ದು ಯಾವುದೂ ಇನ್ನು ಹಾಳೆಯಲ್ಲಿಲ್ಲ" ಎಂದು ಬಾಗಿಲಿಗೇ ಹೇಳಿದಳು. ಒಳಗಿನಿಂದ, "ಹಾಳೆಯಿಂದ ತೆಗೆದೆ ಸರಿ. ಬೀದಿಯಿಂದ ಹೇಗೆ ತೆಗೀತೀಯ?" ಎಂಬ ಮಾತು ಬಂತು.

ಮುಂದಿನ ಬುಧವಾರ ಮುನಿಸಾ ಬಜಾರಿಗೆ ಹೋಗಿ ಕಪ್ಪು ದ್ರಾಕ್ಷಿ ಕೇಳಿದಳು. ಹೋಜರ್ ಬಂದರೆ ಅವಳದ್ದೊಂದೇ ಕಪ್ಪಾಗಿ ಕಾಣಬಾರದು ಎಂಬುದು ಅವಳ ಎಣಿಕೆ. ಅಂಗಡಿಯವನು ಖಾಲಿ ಚೀಲ ಕೊಡವಿ ತೋರಿಸಿದ. "ನಿಮ್ಮ ಬೀದಿಗೆ ಇವತ್ತು ಏನಾಗಿದೆ ತಂಗಿ? ಬೆಳಗಿನಿಂದ ಬಂದ ಹೆಂಗಸರೆಲ್ಲ ಕಪ್ಪೇ ಬೇಕು ಅಂತಾರೆ. ತಳದಲ್ಲಿ ಉಳಿದಿರೋದು ಇಷ್ಟೇ."

ಓತಿನ್ ಮನೆಯ ಹಾಸುಬಟ್ಟೆಯ ಮೇಲೆ ರಾಶಿಯೆಲ್ಲ ಕಪ್ಪು. ಮುನಿಸಾ ತಂದ ಚೂರುಪಾರನ್ನೂ ಅದರಲ್ಲೇ ಸುರಿದು ಕೂತಳು. ರಿಸೋಲತ್ ಕಥೆ ಶುರು ಮಾಡದೆ ಬಾಗಿಲ ಕಡೆ ನೋಡುತ್ತಿದ್ದಳು. ಚಹಾ ಒಂದು ಸುತ್ತು ಮುಗಿಯಿತು. ಹೋಜರ್ ಇನ್ನು ಬರುವುದಿಲ್ಲ ಎನ್ನುವಾಗ ಬಾಗಿಲು ಕಿರುಗುಟ್ಟಿತು.

ಹೋಜರ್ ತಲೆ ತಗ್ಗಿಸಿಕೊಂಡೇ ಬಂದಳು, ತಗ್ಗಿಸಿಕೊಂಡೇ ಗಂಟು ಬಿಚ್ಚಿ ಸುರಿದಳು. ಅವಳು ತಂದದ್ದು ಹೊಂಬಣ್ಣದ ದ್ರಾಕ್ಷಿ. ಇನ್ನು ಮುಂದೆ ಯಾರಿಗೂ ಗುರುತು ಸಿಗದಿರಲೆಂದು ಕೊಂಡು ತಂದಿದ್ದಳು.

ಕಪ್ಪು ರಾಶಿಯ ಮೇಲೆ ಅದು ಬಿದ್ದು ಹೊಳೆಯಿತು. ಹೋಜರ್ ರಾಶಿಯನ್ನು ನೋಡಿದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಅದೋಲತ್ ತಡೆಯಲಾರದೆ ಹೇಳಿದಳು: "ಅಯ್ಯೋ ನಿನ್ನ, ಬಜಾರಲ್ಲಿ ದುಪ್ಪಟ್ಟು ರೇಟು ಕೊಟ್ಟು ತಂದೆವಲ್ಲೇ ನಾವು."

ಮೊದಲು ನಕ್ಕವಳು ಹೋಜರ್. ನಗು ಅರ್ಧದಲ್ಲೇ ಅಳುವಾಯಿತು, ಯಾರೂ ತಡೆಯಲಿಲ್ಲ. ಕಣ್ಣೊರೆಸಿಕೊಂಡು ಅವಳು ಮುನಿಸಾಳ ಪಕ್ಕದಲ್ಲಿದ್ದ ತೆರಪಿನಲ್ಲೇ ಕೂತಳು. ಅವಳ ಕಡೆ ತಿರುಗದೆ, ರಾಶಿಯಿಂದ ಒಂದು ಹಿಡಿ ಎಳೆದು ಅವಳ ಮುಂದಿಟ್ಟಳು.

"ನಿಮ್ಮಮ್ಮನ ವಿಷಯ ಅದೋಲತ್ ಹೇಳಿದಳು. ಅವಳ ಹೆಸರು ಹೇಳಿ ಬಿಡಿಸು" ಎಂದಳು.

ಮುನಿಸಾ ಓತಿನ್ ಕಿವಿಯ ಕಡೆ ಬಗ್ಗಿದಳು.