ದಿಬ್ಬದ ಕೆಳಗಿನ ಹೊನಗೊನ್ನೆ

ನರಸಮ್ಮನ ಮುಂದೆ ಸೊಪ್ಪಿನ ಮಾತೆತ್ತಿದರೆ ಮುಗಿಯಿತು, ಕೇಳಿದವರು ಅಂದಿನ ಕೆಲಸ ಮರೆಯಬೇಕು. ಬೆರಕೆ ಸೊಪ್ಪಿನಲ್ಲಿ ಇಪ್ಪತ್ತು ಬಗೆಯನ್ನು ಹೆಸರು ಹಿಡಿದು ಹೇಳುವ ಹೆಂಗಸು ಅವಳು. ಬಸುರಿ ಸೊಸೆ ಶ್ಯಾಮಲಳಿಗೆ ರಕ್ತ ಕಡಿಮೆ ಎಂದು ಡಾಕ್ಟರಮ್ಮ ಹೇಳಿದ ಮಾರನೆಯ ದಿನವೇ ಸೆರಗು ಬಿಗಿದು ನಂದಿದುರ್ಗ ಚಿನ್ನದ ಗಣಿಯ ಕಡೆ ನಡೆದಳು. ಅಲ್ಲಿ ಅದಿರು ಅರೆದು ಸುರಿದ ಹಳೇ ಮಣ್ಣಿನ ದಿಬ್ಬದ ಬುಡದಲ್ಲೊಂದು ಹೊಂಡ. ಸುಡುಬೇಸಿಗೆಯಲ್ಲೂ ಅದರ ದಡದಲ್ಲಿ ಹೊನಗೊನ್ನೆ ಹಸಿರಾಗಿ ಹಬ್ಬಿರುತ್ತದೆ. ಯಾರೂ ಕೊಯ್ದಿರಲಿಲ್ಲ. ಸೋಮಾರಿ ಮುಂಡೇವು ಎಂದು ಬೈದುಕೊಂಡು, ಒಳಗೊಳಗೇ ಹಿಗ್ಗಿ, ಮಡಿಲು ತುಂಬಿಸಿಕೊಂಡಳು.

ಎರಡು ತಿಂಗಳು ಇದೇ ನಡೆಯಿತು. ದಿನವೂ ಸೊಸೆಗೆ ಬಿಸಿ ಮುದ್ದೆ, ಸೊಪ್ಪಿನ ಸಾರು. "ನೀನುಣ್ಣು, ನಾನು ಆಮ್ಯಾಕೆ ಉಣ್ತೀನಿ," ಎಂದು ಎದುರು ಕೂತು ಉಣಿಸಿದಳು. ಆದರೆ ರಕ್ತ ಏರುವ ಬದಲು ಇಳಿಯಿತು!

ಬಂಗಾರಪೇಟೆಯ ಡಾಕ್ಟರಮ್ಮ ಏನೇನು ತಿನ್ನುತ್ತೀರಿ ಎಂದು ಕೇಳಿದಾಗ ನರಸಮ್ಮ ಗಣಿ ದಿಬ್ಬದ ಸೊಪ್ಪಿನ ಸಂಗತಿಯನ್ನು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಒಂದು ಹಿಡಿ ಸೊಪ್ಪು, ಅತ್ತೆ ಸೊಸೆ ಇಬ್ಬರ ರಕ್ತ, ಎಲ್ಲವೂ ಪರೀಕ್ಷೆಗೆ ಬೆಂಗಳೂರಿಗೆ ಹೋದವು.

"ಸೊಪ್ಪಲ್ಲಿ ಸೀಸ, ಆರ್ಸೆನಿಕ್ ಎರಡೂ ಇದೆ ಅಮ್ಮ," ಎಂದರು ವಾರದ ಮೇಲೆ. "ಸೀಸ ಮೈಗೆ ಸೇರಿದ್ರೆ ರಕ್ತ ಆಗೋಕೇ ಬಿಡಲ್ಲ. ಮಗೂಗೂ ದಾಟುತ್ತೆ."

"ಮೂರು ಸಲ ಕಲ್ಲುಪ್ಪಿನ ನೀರಲ್ಲಿ ತೊಳ್ದಿದ್ದೀನಲ್ಲ ತಾಯಿ!"

"ತೊಳೆದ್ರೆ ಮೇಲಿನ ಮಣ್ಣು ಹೋಗುತ್ತೆ. ಇದು ಗಣಿ ಮಣ್ಣಿಂದ ಬೇರು ಹೀರಿ ಒಳಗೆ ಹತ್ತಿರೋದು, ಬೇಯಿಸಿದ್ರೂ ಹೋಗಲ್ಲ."

ನರಸಮ್ಮ ತನ್ನ ಎರಡೂ ಕೈ ನೋಡಿಕೊಂಡಳು. ತನ್ನ ಕೈಯಾರೆ, ಕೂತು, ಮುದ್ದು ಮಾಡಿ ಉಣಿಸಿದ್ದಲ್ಲವೇ!

ಶ್ಯಾಮಲಳ ರಕ್ತದಲ್ಲಿ ಸೀಸ ಇತ್ತು. ಆ ಸೊಪ್ಪು ಇಂದೇ ನಿಲ್ಲಿಸಬೇಕು, ಮಾತ್ರೆ ತಪ್ಪಿಸಬಾರದು, ತಿಂಗಳಿಗೊಮ್ಮೆ ಬರಬೇಕು, ಸದ್ಯ ಮಗು ಚೆನ್ನಾಗಿ ಬೆಳೆಯುತ್ತಿದೆ ಎಂದರು. ಆಮೇಲೆ ಅತ್ತೆಯ ಕಾಗದ ನೋಡಿ ಹುಬ್ಬೇರಿಸಿದರು. "ನಿಮ್ಮ ರಕ್ತದಲ್ಲಿ ಏನೂ ಇಲ್ಲವಲ್ಲ! ಒಂದೇ ಪಾತ್ರೇಲಿ ತಾನೇ ಊಟ?"

ಶ್ಯಾಮಲ ತಿರುಗಿ ಅತ್ತೆಯನ್ನು ನೋಡಿದಳು. ನರಸಮ್ಮ ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು.

"ಮಡಿಲು ಸೊಪ್ಪು ಬೇಯ್ಸಿದ್ರೆ ಒಂದಿಡಿ ಆಯ್ತದೆ. ನಿಂಗೇ ಸಾಲ್ತಿರ್ಲಿಲ್ಲ ಕಣವ್ವ. ನಂಗೆ ಉಪ್ಪು, ಮೆಣ್ಸಿನ್ಕಾಯಿ ಸಾಕಾಗಿತ್ತು."

ಶ್ಯಾಮಲ ಬಿಕ್ಕಿ ಬಿಕ್ಕಿ ಅತ್ತಳು. "ಆ ಸೀಸ ನನ್ ಮೈಗೇ ಓಗ್ಬಾರ್ದಿತ್ತಾ," ಎಂದು ನರಸಮ್ಮನೂ ಅತ್ತಳು.

ಮುಂದಿನ ವಾರವೇ ಮಗ ಚಿರಂಜೀವಿ ಗಣಿಯಿಂದ ದೂರದ ಬೂದಿಕೋಟೆಯ ಹೊಲದಿಂದ ಮಣ್ಣು ತಂದು ನಾಲ್ಕು ಎಣ್ಣೆ ಡಬ್ಬ ತುಂಬಿಸಿಕೊಟ್ಟ. ಅದೇ ಊರಿನ ಹೊನಗೊನ್ನೆ ಕಡ್ಡಿಗಳನ್ನು ನರಸಮ್ಮ ನೆಟ್ಟಳು. ಸೊಪ್ಪು ಕೈಗೆ ಬರುವ ಹೊತ್ತಿಗೆ ಶ್ಯಾಮಲಳ ಸೀಸ ಇಳಿದಿತ್ತು, ರಕ್ತ ತುಸು ಏರಿತ್ತು. ಅಂದು ಸಾರು ಮಾಡಿದವಳೂ ಬಡಿಸಿದವಳೂ ಶ್ಯಾಮಲಳೇ. ತಟ್ಟೆ ಮಾತ್ರ ಒಂದೇ ಇಟ್ಟಳು.

"ಮೊದ್ಲು ನೀವು ತಿನ್ನಿ ಅತ್ತೆ."

"ಯಾಕೆ, ವಿಷ ಐತಾ ಅಂತ ನೋಡಾಕೆ ನಾನೇ ಬೇಕೇನೆ ನಿಂಗೆ?"

"ಊಂ ಮತ್ತೆ. ಇನ್ಮ್ಯಾಕೆ ವಿಷಾನೋ ಅಮೃತಾನೋ, ಇಬ್ರೂ ಒಂದೇ ತಟ್ಟೇಲಿ," ಎಂದು ಶ್ಯಾಮಲ ತುತ್ತು ಮುರಿದು ಅತ್ತೆಯ ಬಾಯಿಗಿಟ್ಟಳು.