ಭಾವನ ಹಲ್ಲು, ಭಾವನ ದನಿ

ಸಕಾರ, ಶಕಾರ, ಷಕಾರಗಳನ್ನು ನಮ್ಮ ಭಾವ ಮೂರು ಬೇರೆ ಮನೆಗಳಲ್ಲಿ ಹುಟ್ಟಿದ ಮಕ್ಕಳಂತೆ ಕಾಣುತ್ತಿದ್ದರು. ಒಂದರ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ರೈಲು ನಿಲ್ದಾಣದಲ್ಲಿ ಅವರು ಉದ್ಘೋಷಕರು. ಗಾಡಿ ತಡವಾಗಿ ಬರಲಿದೆ ಎಂಬ ಸುದ್ದಿಯೂ ಅವರ ಬಾಯಲ್ಲಿ ಸಮಾಧಾನದ ಮಾತಿನಂತೆ ಕೇಳಿಸುತ್ತಿತ್ತು. ಮೈಕಿನ ಮುಂದೆ ಸದ್ದಾಗಬಾರದೆಂದು ರೂಢಿಸಿಕೊಂಡ ನಡಿಗೆಯನ್ನು ರಸ್ತೆಯಲ್ಲೂ ಬಿಡದೆ, ನಿದ್ದೆಹೋದ ಮಗುವಿನ ಪಕ್ಕದಲ್ಲಿ ದಾಟುವವರಂತೆ ಮುಂಗಾಲಿನ ಮೇಲೆ ನಡೆಯುತ್ತಿದ್ದರು. ಮೇಜಿಗೆ ತಗುಲಿ ಟಿಕ್ಕೆನ್ನದಿರಲೆಂದು ತಮ್ಮ ಕಂದು ಕೋಟಿನ ಲೋಹದ ಗುಂಡಿಗಳನ್ನು ಕೀಳಿಸಿ ಬಟ್ಟೆಯ ಗುಂಡಿ ಹಾಕಿಸಿಕೊಂಡಿದ್ದರು. ಇವರು ಮನೆಗೆ ಬಂದದ್ದು ಬಾಯಿ ಬಿಟ್ಟ ಮೇಲೆಯೇ ಗೊತ್ತಾಗುವುದು ಎಂದು ನಮ್ಮಕ್ಕ ನಗುತ್ತಿದ್ದಳು.

ಅವರ ಇನ್ನೊಂದು ಹಟ ದಂತವೈದ್ಯೆಯ ಭೇಟಿ. ನೋವಿರಲಿ ಬಿಡಲಿ, ಆರು ತಿಂಗಳಿಗೊಮ್ಮೆ ಹೋಗಿ ಬಾಯಿ ತೆರೆದು ಕೂರುತ್ತಿದ್ದರು. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಅವರಿಗೆ ಪಾಚಿ ಬೇಗ ಕಟ್ಟಿ ಕಲ್ಲಾಗುತ್ತಿತ್ತು. ಅದನ್ನು ಕೆರೆಸಿ, ತುಂಬಿಸಿದ್ದ ಹಳೆಯ ಹಲ್ಲೊಂದನ್ನು ತೋರಿಸಿ ಬರುತ್ತಿದ್ದರು. ನೋವಿಲ್ಲದವರು ಯಾಕೆ ಹೋಗಬೇಕೆಂದು ನಾನು ಕೇಳಿದರೆ, ಬಡಗಿ ಉಳಿ ಮೊಂಡಾಗುವವರೆಗೆ ಕಾಯುತ್ತಾನೆಯೇ ಎಂದು ತಿರುಗಿ ಕೇಳುತ್ತಿದ್ದರು.

ಆ ಸಾಂಕ್ರಾಮಿಕ ಬಂದಾಗ ನಾನು ಅವರ ಮನೆಯ ಮಹಡಿಯಲ್ಲಿದ್ದೆ. ರೈಲುಗಳು ನಿಂತವು. ಆರೋಗ್ಯ ಇಲಾಖೆಯವರು ಭಾವನನ್ನು ಕರೆಸಿ ಒಂದು ಪ್ರಕಟಣೆಯನ್ನು ಧ್ವನಿಮುದ್ರಿಸಿಕೊಂಡರು: ತುರ್ತಲ್ಲದ ಚಿಕಿತ್ಸೆಗಳನ್ನು ಮುಂದೂಡಿ, ಮನೆಯಲ್ಲೇ ಇರಿ, ಸಹಕರಿಸಿ, ಹೀಗೆ ಇನ್ನೂ ಕೆಲವು ಸಾಲು. ಮನೆಗೆ ಬಂದವರೇ ದಂತವೈದ್ಯೆಗೆ ಫೋನು ಮಾಡಿ ಮರುವಾರದ ತಮ್ಮ ಭೇಟಿಯನ್ನು ರದ್ದು ಮಾಡಿದರು. ಅದರಲ್ಲಿ ತಪ್ಪೇನಿರಲಿಲ್ಲ, ಆಗ ಎಲ್ಲರೂ ಹಾಗೆಯೇ ಮಾಡಿದರು.

ನೆತ್ತಿಯ ಮೇಲೆ ಧ್ವನಿವರ್ಧಕ ಹೊತ್ತ ವ್ಯಾನು ದಿನವೂ ನಮ್ಮ ಬೀದಿಗೆ ಬರತೊಡಗಿತು. ಮುಚ್ಚಿದ ಬಾಗಿಲುಗಳ ನಡುವೆ, ನಾಯಿಯೂ ಸುಳಿಯದ ಬಿಸಿಲಿನಲ್ಲಿ, ಭಾವನ ದನಿ ಮೂಲೆ ತಿರುಗಿ ಬರುತ್ತಿತ್ತು. ಇತ್ತ ಭಾವ ತುಟಿ ಮುಚ್ಚಿಕೊಂಡು ಕಿಟಕಿಯ ಬಳಿ ಕುಳಿತಿರುತ್ತಿದ್ದರು. ಮೊದಲ ದಿನಗಳಲ್ಲಿ ನಾವು ನಕ್ಕೆವು. ಆಮೇಲೆ, ವ್ಯಾನು ಬರುವ ಹೊತ್ತಿಗೆ ಅವರು ಕೋಟು ತೊಟ್ಟು ಕೂರುವುದನ್ನು ಕಂಡು ನಗು ನಿಂತಿತು.

ತಣ್ಣೀರು ಕುಡಿದಾಗ ಅವರ ಮುಖ ಚಿವುಟಿದಂತಾಗುವುದನ್ನು ಮೊದಲು ಕಂಡವಳು ಅಕ್ಕ. ಆ ಹೊತ್ತಿಗಾಗಲೇ ದಂತವೈದ್ಯೆ, ನೋವಿದ್ದರೆ ಬನ್ನಿ, ಬಾಗಿಲು ತೆರೆದಿದ್ದೇನೆ ಎಂದು ಫೋನು ಮಾಡಿದ್ದರು. ಭಾವ ಏನೂ ಇಲ್ಲವೆಂದಿದ್ದರು. ಹೋಗಿಬನ್ನಿ ಎಂದು ಅಕ್ಕ ಗಂಟುಬಿದ್ದಳು.

"ಊರಿಗೆಲ್ಲ ಬೇಡ ಅಂತ ಹೇಳಿ ನಾನೇ ಹೋಗ್ಲಾ? ಆಚಾರ ಹೇಳಿ ಬದನೆಕಾಯಿ ತಿಂದ ಹಾಗಾಗುತ್ತೆ."

ಹಲ್ಲು ಕಚ್ಚಿ ಸಹಿಸುವುದೆಂಬ ಮಾತಿಗೆ ಅವರ ಪಾಲಿಗೆ ಅರ್ಥ ಉಳಿಯಲಿಲ್ಲ, ಕಚ್ಚಿದರೇ ನೋವು. ಗಲ್ಲದ ಕೆಳಗೆ ಬಾವು ಬಂತು. ಮಾತು ಕಡಿಮೆಯಾಯಿತು. ಮನೆಯೊಳಗಿನ ದನಿ ಕ್ಷೀಣಿಸಿದಷ್ಟೂ ಬೀದಿಯ ದನಿ ಕೊಬ್ಬುತ್ತಿದೆಯೆಂದು ನನಗೆ ಭಾಸವಾಗತೊಡಗಿತು. ಒಂದು ಮಧ್ಯಾಹ್ನ ನಾನೂ ಒತ್ತಾಯ ಮಾಡಿದೆ. ಅವರು ಬೆರಳೆತ್ತಿ ಸುಮ್ಮನಿರಿಸಿ, ಕಿಟಕಿಯಾಚೆ ಕಿವಿಗೊಟ್ಟು, ಮೆಲ್ಲಗೆ ಹೇಳಿದರು:

"ಆತ ಇನ್ನೂ ಬೇಡ ಅಂತಿದಾನೆ."

ಆತ ಎಂದದ್ದು ವ್ಯಾನಿನಿಂದ ಬರುತ್ತಿದ್ದ ತಮ್ಮದೇ ದನಿಯನ್ನು.

ಬಾವು ಕುತ್ತಿಗೆಗಿಳಿದು, ಜ್ವರವೇರಿ, ಎಂಜಲು ನುಂಗಲೂ ಆಗದಾದಾಗ ಅಕ್ಕ ಅವರನ್ನು ಕೇಳಲು ಹೋಗಲಿಲ್ಲ. ನಾನು ಕಾರು ತೆಗೆದೆ. ನಿರ್ಜನವಾದ ಹೆದ್ದಾರಿಯಲ್ಲಿ ಆ ವ್ಯಾನು ನಮ್ಮ ಮುಂದೆಯೇ ಹೋಗುತ್ತಿತ್ತು. ಮನೆಯಲ್ಲೇ ಇರಿ, ಮನೆಯಲ್ಲೇ ಇರಿ ಎನ್ನುತ್ತಿತ್ತು. ಹಿಂದಿನ ಸೀಟಿನಲ್ಲಿ ಭಾವನ ಕೈ ಬಾಗಿಲಿನ ಹಿಡಿಯತ್ತ ಸರಿದದ್ದನ್ನು ಕನ್ನಡಿಯಲ್ಲಿ ಕಂಡೆ. ಅಕ್ಕ ಆ ಕೈಯನ್ನು ಹಿಡಿದು ತನ್ನ ಮಡಿಲಿಗೆಳೆದುಕೊಂಡಳು.

"ಅದು ನೀವಲ್ಲ. ನೀವು ಇಲ್ಲಿದೀರ, ನನ್ನ ಪಕ್ಕದಲ್ಲಿ."

ಕ್ಲಿನಿಕ್ಕಿನಲ್ಲಿ ಕಣ್ಣುಗಳಷ್ಟೇ ಕಾಣುವಂತೆ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡಿದ್ದ ದಂತವೈದ್ಯೆ, ನೋಡಿದ ತಕ್ಷಣ ದೊಡ್ಡಾಸ್ಪತ್ರೆಗೆ ಸೇರಿಸಿ, ಅಲ್ಲಿನ ಶಸ್ತ್ರಚಿಕಿತ್ಸಕರನ್ನು ಕರೆಸಿ, ತಾವೂ ಜೊತೆಗೆ ನಿಂತರು. ಕೀವು ತೆಗೆದರು, ಕೆಳಗಿನ ಮುಂದಿನ ಹಲ್ಲುಗಳನ್ನೂ ತೆಗೆಯಬೇಕಾಯಿತು. ಇನ್ನೊಂದು ದಿನ ತಡವಾಗಿದ್ದರೆ ಉಸಿರೇ ಕಟ್ಟುತ್ತಿತ್ತಂತೆ. ಭಾವನಿಗೆ ಎಚ್ಚರವಾದ ಮೇಲೆ ದಂತವೈದ್ಯೆ ಬೈಯಲಿಲ್ಲ. ನೋವು, ಬಾವು ಇದ್ದವರು ಕೂಡಲೇ ಬನ್ನಿ ಎಂಬ ಸಾಲು ಆ ಪ್ರಕಟಣೆಯಲ್ಲೇ ಇತ್ತಲ್ಲ, ನೀವೇ ಓದಿದ್ದಿರಲ್ಲ ಎಂದರು, ಅಷ್ಟೆ. ಭಾವ ಚಾವಣಿ ನೋಡುತ್ತಲೇ ಹೇಳಿದರು:

"ಆ ಸಾಲು ಬೇರೆಯವರಿಗಷ್ಟೇ ಅಂದ್ಕೊಂಡಿದ್ದೆ."

ಆ ಒಂದು ವಾಕ್ಯದಲ್ಲೇ ಸಕಾರ ಸೀಟಿಯಾಗಿ, ಶಕಾರ ಗಾಳಿಯಾಗಿ ಹೋಗುವ ದಿನಗಳ ಸುಳಿವಿತ್ತು. ಮುಂದೆ ಕಟ್ಟಿದ ಹಲ್ಲು ಬಂತು, ಊಟ ಸರಾಗವಾಯಿತು, ಮೈ ತುಂಬಿಕೊಂಡಿತು. ಅಕ್ಷರಗಳು ಮಾತ್ರ ತಮ್ಮ ಮನೆಗಳಿಗೆ ಮರಳಲಿಲ್ಲ. ಲಸಿಕೆಯ ಕುರಿತು ಹೊಸ ಪ್ರಕಟಣೆ ಬೇಕೆಂದು ಇಲಾಖೆಯವರು ಕರೆದಾಗ ಭಾವ ಪ್ರಯತ್ನಿಸಿದರು, ಆಗಲಿಲ್ಲ. ಇಲಾಖೆಯವರು, ಚಿಂತೆ ಬೇಡ, ಹಳೆಯ ಧ್ವನಿಯಿಂದಲೇ ತುಂಡು ತುಂಡು ಕತ್ತರಿಸಿ ಜೋಡಿಸುತ್ತೇವೆಂದರು.

ಕೆಲವೇ ದಿನಗಳಲ್ಲಿ ವ್ಯಾನು ಮತ್ತೆ ಬಂತು. ಎಲ್ಲ ಹಲ್ಲುಗಳೂ ಇದ್ದ ಭಾವ, ಎಂದೂ ಆಡಿರದ ಮಾತುಗಳನ್ನು, ಕಲೆಯಿಲ್ಲದ ಸಕಾರದಲ್ಲಿ, ಉಸಿರೆಳೆದುಕೊಳ್ಳದೆ ಆಡುತ್ತಾ ಬೀದಿ ದಾಟಿದರು. ಕಿಟಕಿಯ ಬಳಿಯಿದ್ದ ಭಾವ ಕೊನೆಯವರೆಗೂ ಕೇಳಿಸಿಕೊಂಡು, ಎದ್ದು, ಲಸಿಕೆ ಹಾಕಿಸಿಕೊಳ್ಳಲು ಹೊರಟರು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಕಟ್ಟಳೆಯನ್ನು ಮಾಡಿದವರು ಅದನ್ನು ಮರೆಯುತ್ತಾರೆ, ಕೇಳಿದವರು ತಮಗೆ ಬೇಕಾದಷ್ಟು ಹಿಡಿದು ಉಳಿದುದನ್ನು ಗಾಳಿಗೆ ಬಿಡುತ್ತಾರೆ. ನಡುವೆ ನಿಂತು ಓದಿ ಹೇಳಿದವರು ಮಾತ್ರ ಅದಕ್ಕೆ ಮೈಯೊಡ್ಡುತ್ತಾರೆ. ವಿನಾಯಿತಿ ತಮಗೂ ಉಂಟೆಂದು ಅವರಿಗೆ ಯಾರೂ ಓದಿ ಹೇಳಿರುವುದಿಲ್ಲ. ಓದಿ ಹೇಳುವ ಕೆಲಸ ಅವರದೇ ಆಗಿರುತ್ತದೆ.